ಬಾಗಿಲಾಚೆ ಬರೆದ ಅಳತೆಗಳು

ಟೈಲರಮ್ಮನಿಗೆ ಅನುಮಾನ ಹುಟ್ಟಿದ್ದು ಒಂದು ಕಾಲು ಇಂಚಿನಿಂದ.

ಮಂಗಳವಾರ ಬೆಳಿಗ್ಗೆ ಗಂಡ ಬಸ್ಸಿನ ಡ್ಯೂಟಿಗೆ, ಮಗಳು ಶಾಲೆಗೆ ಹೊರಟುಹೋದ ಮೇಲೆ ಅವಳು ಮುಂದಿನ ಕೋಣೆಯ ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿದಳು. ಶಾಲೆಯ ಪಿ.ಟಿ. ಮೇಷ್ಟ್ರು ಕಳಿಸಿದ ಅಳತೆಯ ಹಾಳೆಗಳು ಗೋಡೆಯ ಮೊಳೆಗೆ ಸಿಕ್ಕಿಕೊಂಡಿದ್ದವು. ಶನಿವಾರ ಬೆಳಿಗ್ಗೆ ರಿಲೇ ಓಟದ ಎಂಟು ಹುಡುಗಿಯರು ಹತ್ತು ದಿನದ ತರಬೇತಿ ಶಿಬಿರಕ್ಕೆ ಬೇರೆ ಊರಿಗೆ ಹೊರಡುವವರಿದ್ದರು. ಎಂಟರಲ್ಲಿ ಒಬ್ಬಳು ಅವಳದೇ ಮಗಳು. ಅಷ್ಟರಲ್ಲಿ ಅಂಗಿ, ಪ್ಯಾಂಟು ಮುಗಿಯಬೇಕು. ಹುಡುಗರ ಶಿಬಿರ ಮುಂದಿನ ತಿಂಗಳು, ಅವರದಕ್ಕೆ ಅವಸರವಿರಲಿಲ್ಲ.

ಕತ್ತರಿ ಹಿಡಿದವಳು ಹಾಳೆ ನೋಡಿದಳು. ಹುಡುಗರ ಹಾಳೆಯಲ್ಲಿ ಹೆಸರಿನ ಮುಂದೆ ಒಂದೊಂದೇ ಅಂಕೆ: ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು. ಆಟದ ಬಟ್ಟೆಗೆ ಬೇಕಾದದ್ದು ಅಷ್ಟೇ. ಸಡಿಲ ಅಂಗಿ, ಎಲಾಸ್ಟಿಕ್ಕಿನ ಪ್ಯಾಂಟು. ಒಂದು ಸೈಜು ಗೊತ್ತಾದರೆ ಆಯಿತು, ಕಣ್ಣು ಮುಚ್ಚಿ ಕತ್ತರಿಸಬಹುದು. ಹುಡುಗಿಯರ ಹಾಳೆಯಲ್ಲಿ ಮಾತ್ರ ನಾಲ್ಕು ಮನೆ ಗೆರೆ ಹಾಕಿತ್ತು. ನಾಲ್ಕರಲ್ಲೂ ಅಂಕೆ ತುಂಬಿತ್ತು. ಸೊಂಟದ ಮನೆಯಲ್ಲಿ ಅರ್ಧ, ಕಾಲು, ಮುಕ್ಕಾಲು.

"ಎಲಾಸ್ಟಿಕ್ ಪ್ಯಾಂಟಿಗೆ ಕಾಲು ಇಂಚಿನ ಲೆಕ್ಕ ಯಾಕಪ್ಪ?" ಎಂದು ಅವಳು ತನ್ನಷ್ಟಕ್ಕೆ ಅಂದಳು.

ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಅತ್ತೆಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಮುಂಚಿಗಿಂತ ಚುರುಕಾಗಿತ್ತು. "ಮೇಷ್ಟ್ರು ಅಲ್ವಾ, ಲೆಕ್ಕ ಜಾಸ್ತಿ ಇರುತ್ತೆ. ನೀನು ಕತ್ತರಿಸು."

ಟೈಲರಮ್ಮ ಕತ್ತರಿಸಲಿಲ್ಲ. ಡ್ರಾಯರಿನಿಂದ ತನ್ನ ಹಳೆಯ ಅಳತೆ ಪುಸ್ತಕ ತೆಗೆದಳು. ಆ ಎಂಟೂ ಹುಡುಗಿಯರ ಶಾಲೆಯ ಸ್ಕರ್ಟನ್ನು ವರ್ಷದ ಮೊದಲಲ್ಲಿ ಇಲ್ಲೇ ಅಳತೆ ತೆಗೆದು ಹೊಲಿದವಳು ಅವಳೇ. ನೆರಿಗೆಯ ದಪ್ಪ ಸ್ಕರ್ಟು, ಅದರೊಳಗೆ ಸಿಕ್ಕಿಸಿದ ಅಂಗಿ, ಅದರ ಮೇಲೆ ಎರಡು ಪದರದ ಪಟ್ಟಿ. ಅದೆಲ್ಲದರ ಮೇಲಿಂದ ಟೇಪು ಸುತ್ತಿದರೆ ಮೈಗಿಂತ ಒಂದೂವರೆ, ಎರಡು ಇಂಚು ಹೆಚ್ಚು ಬರಲೇಬೇಕು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಕಡಿಮೆ ಬಂದದ್ದೇ ಇಲ್ಲ. ಮೊದಲ ಹುಡುಗಿಯದು ಹೋಲಿಸಿದಳು, ಹಾಳೆಯಲ್ಲಿ ಪುಸ್ತಕದ ಅಂಕೆಗಿಂತ ಕಡಿಮೆ. ಎರಡನೆಯವಳದು ಕಡಿಮೆ. ಮೂರನೆಯವಳು ಗುಬ್ಬಿ, ಪಕ್ಕದ ಬೀದಿಯ ನರ್ಸಮ್ಮನ ಮಗಳು, ಮಗಳ ಜೀವದ ಗೆಳತಿ. ಅವಳದೂ ಕಡಿಮೆ. ಏಳನೆಯವಳವರೆಗೂ ಹಾಗೇ. ಒಬ್ಬಳು ಸೊರಗಿರಬಹುದು. ಏಳು ಜನ ಒಟ್ಟಿಗೆ ಸೊರಗುತ್ತಾರೆಯೇ?

ಸ್ಕರ್ಟಿನ ಮೇಲಿಂದ ಆ ಅಂಕೆ ಬರಲು ಸಾಧ್ಯವಿಲ್ಲ. ಸ್ಕರ್ಟು ಅಲ್ಲಿ ಇರಲಿಲ್ಲ.

ಎಂಟನೆಯ ಹೆಸರು ನೋಡಿದಳು. ಮಗಳ ಹೆಸರಿನ ಮುಂದೆ, ಹುಡುಗರಿಗೆ ಬರೆದ ಹಾಗೆ, ಒಂದೇ ಅಂಕೆ. ಉಳಿದ ಮೂರು ಮನೆ ಖಾಲಿ. ದೇವರೇ, ನನ್ನ ಮಗು ಉಳಿಯಿತು ಎಂದು ಮನಸ್ಸು ಅರೆಕ್ಷಣ ಹಗುರಾಯಿತು. ಮರುಕ್ಷಣವೇ ಆ ಖಾಲಿ ಮನೆಗಳು ಅವಳನ್ನೇ ದಿಟ್ಟಿಸತೊಡಗಿದವು. ತಿಳಿಯದೆ ಮಾಡಿದವನು ಎಂಟೂ ಜನಕ್ಕೆ ಒಂದೇ ತರಹ ಮಾಡುತ್ತಿದ್ದ. ಟೈಲರಮ್ಮನ ಮಗಳೊಬ್ಬಳನ್ನೇ ಬಿಟ್ಟವನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ಅದಾದ ಮೇಲೆ ಇನ್ನೊಂದು ಕಂಡಿತು. ಅಷ್ಟು ಹೊತ್ತು ಕಣ್ಣೆದುರಿಗಿದ್ದರೂ ನೋಡಿರಲಿಲ್ಲ. ಹುಡುಗರ ಹಾಳೆ ಮೇಷ್ಟ್ರ ಓರೆ ಅಕ್ಷರದಲ್ಲಿತ್ತು. ಹುಡುಗಿಯರದು ದುಂಡು ಅಕ್ಷರ, ಏಳರ ಬಾಲಕ್ಕೆ ಒಂದು ಸುರುಳಿ. ಆ ಸುರುಳಿಯನ್ನು ಮಗಳಿಗೆ ಕಲಿಸಿದ್ದು ಅವಳೇ, ಇದೇ ಮೇಜಿನ ಮೇಲೆ, ಟೈಲರ್ ಚಾಕಿನಲ್ಲಿ.

ಅವಳು ಹಾಳೆ ಮಡಿಸಿ ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಳು.

ತಪ್ಪಿನ ಮೊದಲ ಹೊಲಿಗೆ ಅವಳದೇ. ಮೊದಲೆಲ್ಲ ಆಟದ ಬಟ್ಟೆಗೆ ಅವಳೇ ಶಾಲೆಗೆ ಹೋಗಿ ಮೈದಾನದ ಮರದ ಕೆಳಗೆ ಎರಡು ದಿನ ನಿಂತು ಎಲ್ಲರ ಸೈಜು ಗುರುತು ಮಾಡಿಕೊಂಡು ಬರುತ್ತಿದ್ದಳು. ಮೂರು ವರ್ಷದ ಹಿಂದೆ ಈ ಹೊಸ ಪಿ.ಟಿ. ಮೇಷ್ಟ್ರು ಬಂದ. "ನೀವ್ಯಾಕಮ್ಮ ಬಿಸಿಲಲ್ಲಿ ಒಣಗ್ತೀರಿ? ಒಂದು ಟೇಪ್ ಕೊಡಿ, ಹೇಗೆ ಅಂತ ತೋರಿಸಿ, ನಾನೇ ತಗೊಂಡು ಕಳಿಸ್ತೀನಿ" ಎಂದ. ಎಂಥ ಒಳ್ಳೆಯ ಮನುಷ್ಯ ಅನ್ನಿಸಿತ್ತು. ಹೊಸ ಟೇಪು ಕೊಟ್ಟಳು. ಟೇಪಿನೊಳಗೆ ಎರಡು ಬೆರಳು ಇಟ್ಟು ಸಡಿಲ ಬಿಡಬೇಕೆಂದು ತಾನೇ ಹೇಳಿಕೊಟ್ಟಳು. ಎರಡು ದಿನ ಉಳಿಯಿತೆಂದು ಖುಷಿಪಟ್ಟಿದ್ದಳು.

ಸಂಜೆ ಮಗಳು ಬಂದು ಬೂಟು ಬಿಚ್ಚುವಾಗ ಟೈಲರಮ್ಮ ದನಿಯನ್ನು ಎಷ್ಟಾಗುತ್ತೋ ಅಷ್ಟು ಸಪ್ಪೆ ಮಾಡಿಕೊಂಡು ಕೇಳಿದಳು.

"ಇದು ನಿನ್ನ ಅಕ್ಷರ ಅಲ್ವೇನೇ?"

"ಹೂಂ. ಸರ್ ಹೇಳ್ತಿದ್ರು, ನಾನು ಬರ್ಕೊಂಡೆ."

"ಎಲ್ಲಿ?"

"ಸ್ಪೋರ್ಟ್ಸ್ ರೂಮ್ ಹತ್ರ."

"ಹತ್ರ ಅಂದ್ರೆ ಒಳಗಾ, ಹೊರಗಾ?"

ಮಗಳು ಬೂಟಿನ ದಾರವನ್ನು ಬಿಚ್ಚುವ ಬದಲು ಗಂಟು ಹಾಕತೊಡಗಿದಳು. "ಅಮ್ಮ, ನೀನೇನು ಪೊಲೀಸಾ?"

"ಕೇಳಿದ್ದಕ್ಕೆ ಹೇಳು. ಗುಬ್ಬಿ ಯಾಕೆ ಈಚೆಗೆ ನಮ್ಮನೆ ಕಡೆ ಬರ್ತಿಲ್ಲ?"

"ನನಗೇನು ಗೊತ್ತು? ಅವಳಿಗೆ ಹೊಟ್ಟೆನೋವಂತೆ. ದಿನಾ ಹೊಟ್ಟೆನೋವಂತೆ." ಮಗಳ ದನಿ ಚೂರಾಗಿ ಬಿತ್ತು. ಎದ್ದು ಒಳಕೋಣೆಗೆ ಹೋದಳು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು. ಓಡುವ ಹುಡುಗಿ, ಅನ್ನದ ಪಾತ್ರೆ ಕೆರೆದು ತಿನ್ನುವವಳು.

ಆಮೇಲೆ ಟೈಲರಮ್ಮನಿಗೆ ಕಂಡದ್ದೆಲ್ಲ ಅನುಮಾನವೇ. ಮೇಷ್ಟ್ರು ಮಗಳಿಗೆ ಕೊಡಿಸಿದ ಬೂಟು. "ನಿಮ್ಮ ಮಗಳ ಸ್ಟಾರ್ಟು ಬೆಂಕಿ ಅಮ್ಮ" ಎಂದು ದಾರಿಯಲ್ಲಿ ನಿಲ್ಲಿಸಿ ಹೇಳಿದ್ದು. ತಂಡದ ಉದ್ದ ಜಡೆಯ ಹುಡುಗಿಯ ಅಂಗಿ ಸಡಿಲವಾಯಿತೆಂದು ಎರಡು ಸಲ ವಾಪಸು ಬಂದದ್ದು. ಎರಡೂ ಸಲ ಮೇಷ್ಟ್ರು ಹೊಸದಾಗಿ ಅಳತೆ ತೆಗೆದು ಕಳಿಸಿದ್ದರಲ್ಲ! ಆಗ ತನ್ನ ಕೈಯೇ ಕೆಟ್ಟಿತೇನೋ ಎಂದು ನೊಂದುಕೊಂಡಿದ್ದಳು. ಒಂದೊಂದೂ ಬಿಡಿಯಾಗಿ ನೋಡಿದರೆ ಏನೂ ಅಲ್ಲ. ಸೇರಿಸಿ ನೋಡಿದರೆ ಒಂದೇ ಬಟ್ಟೆಯ ತುಂಡುಗಳು. ಸೇರಿಸಿ ನೋಡುವ ತನ್ನ ಕಣ್ಣೇ ಕೆಟ್ಟದ್ದಿದ್ದರೆ? ಒಬ್ಬ ಮನುಷ್ಯನ ಮಾನವನ್ನು ಕಾಲು ಇಂಚಿನಲ್ಲಿ ಕತ್ತರಿಸಬಹುದೇ?

ಮರುದಿನ ಬೆಳಿಗ್ಗೆ ಅತ್ತೆಗೆ ಹೇಳಿದಳು. ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತಿತ್ತು. ಅತ್ತೆಯ ಸೂಜಿ ನಿಂತಿತು. ಬಟ್ಟೆಯನ್ನು ಮಡಿಲಿಗಿಟ್ಟು, "ನಮ್ಮ ಶಾಲೇಲೂ ಒಬ್ಬ ಇದ್ದ" ಎಂದಳು. "ಹಗ್ಗ ಹತ್ತೋದು ಹೇಳಿಕೊಡ್ತೀನಿ ಅಂತ ಕೆಳಗೆ ನಿಂತ್ಕೊಳ್ತಿದ್ದ. ನಾನು ಶಾಲೆ ಬಿಟ್ಟಿದ್ದು ಓದು ಹತ್ತದೆ ಅಂತ ಎಲ್ಲರೂ ತಿಳ್ಕೊಂಡ್ರು."

"ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ಈಗ ಹೇಳ್ದೆನಲ್ಲ." ಅತ್ತೆ ಮತ್ತೆ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. "ಹೋಗು. ಹೆಡ್‌ಮಿಸ್ಸನ್ನ ನೋಡ್ಕೊಂಡು ಬಾ. ಅನ್ನ ನಾನು ಬಸೀತೀನಿ."

ಹೆಡ್‌ಮಿಸ್ಸಿನ ಕೋಣೆಯಲ್ಲಿ ಗಾಜಿನ ಬೀರು ತುಂಬ ಆಟದಲ್ಲಿ ಗೆದ್ದ ಕಪ್ಪುಗಳಿದ್ದವು. ಈಚಿನ ಮೂರು ವರ್ಷದವು ಮುಂದಿನ ಸಾಲಿನಲ್ಲಿ ಫಳಫಳ ಹೊಳೆಯುತ್ತಿದ್ದವು. ಟೈಲರಮ್ಮ ಹಾಳೆ ಬಿಚ್ಚಿ, ಪುಸ್ತಕ ತೆರೆದು, ಪಟ್ಟಿ, ನೆರಿಗೆ, ಎರಡು ಇಂಚು ಎಲ್ಲವನ್ನೂ ವಿವರಿಸಿದಳು. ಹೆಡ್‌ಮಿಸ್ ಕನ್ನಡಕ ಏರಿಸಿ ಹಾಳೆಯನ್ನು ನೋಡಿದ್ದು ಕಡಿಮೆ, ಟೈಲರಮ್ಮನನ್ನು ನೋಡಿದ್ದು ಹೆಚ್ಚು.

"ಯಾವುದಾದ್ರೂ ಹುಡುಗಿ ಬಂದು ನಿಮಗೆ ಏನಾದ್ರೂ ಹೇಳಿದ್ಳಾ?"

"ಇಲ್ಲ ಮೇಡಂ."

"ಮತ್ತೆ? ಟೇಪ್ ಬಿಗಿಯಾಗಿ ಎಳೆದಿರ್ತಾರೆ. ಅವರೇನು ಟೈಲರಾ?"

"ಎಷ್ಟು ಎಳೆದ್ರೂ ನೆರಿಗೆ ಕರಗಲ್ಲ ಮೇಡಂ."

ಹೆಡ್‌ಮಿಸ್ ಬೆರಳಿನಿಂದ ಹಾಳೆಯ ಅಂಚು ತಟ್ಟಿದರು. "ಈ ಅಕ್ಷರ ಯಾರದ್ದು? ನಿಮ್ಮ ಮಗಳದ್ದಲ್ವಾ? ಅವಳ ನೋಟ್ಸ್ ನಾನೇ ತಿದ್ದೋದು, ನನಗೆ ಗೊತ್ತಿಲ್ವಾ? ನಾಳೆ ಇದನ್ನ ದೊಡ್ಡದು ಮಾಡಿದ್ರೆ ಮೊದಲು ಹೊರಗೆ ಬರೋದು ಯಾರ ಹೆಸರು, ಯೋಚನೆ ಮಾಡಿದೀರಾ? ನೀವೂ ಒಬ್ಬ ತಾಯಿ, ಅದಕ್ಕೆ ಹೇಳ್ತಿದೀನಿ." ಆಮೇಲೆ ದನಿ ತಗ್ಗಿಸಿ, "ಆ ಹಾಳೆ ಇಲ್ಲೇ ಬಿಟ್ಟು ಹೋಗಿ. ನಾನು ವಿಚಾರಿಸ್ತೀನಿ" ಎಂದರು.

ವಿಚಾರಿಸ್ತೀನಿ ಅಂದದ್ದು ನಿಜವೇ ಇರಬಹುದು. ಹಾಳೆ ಬೇಡಿದ ಅವಸರ ಮಾತ್ರ ಟೈಲರಮ್ಮನಿಗೆ ಹಿಡಿಸಲಿಲ್ಲ. "ಕಟಿಂಗ್ ಇನ್ನೂ ಮುಗಿದಿಲ್ಲ ಮೇಡಂ" ಎಂದು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಅವಳ ಅನುಮಾನಕ್ಕೆ ಉತ್ತರ ಗುರುವಾರ ಮಧ್ಯಾಹ್ನ ತಾನಾಗಿಯೇ ಬಾಗಿಲಿಗೆ ಬಂತು. ಪಿ.ಟಿ. ಮೇಷ್ಟ್ರು, ಕೊರಳಲ್ಲಿ ಸೀಟಿ, ಮುಖದಲ್ಲಿ ನಗು. ಮೂರು ವರ್ಷದಲ್ಲಿ ಒಮ್ಮೆಯೂ ಅಂಗಡಿಗೆ ಕಾಲಿಡದವನು.

"ಏನಮ್ಮಾ, ಬಟ್ಟೆ ಎಲ್ಲಿವರೆಗೆ ಬಂತು?"

"ಆಗ್ತಾ ಇದೆ ಸರ್."

"ಆ ಹುಡುಗಿಯರ ಹಾಳೆ ಸ್ವಲ್ಪ ಕೊಡಿ. ಏನೋ ತಪ್ಪಾಗಿದೆಯಂತೆ, ಮೇಡಂ ಹೇಳಿದ್ರು. ಸರಿಯಾಗಿ ಬರೆದು ಕಳಿಸ್ತೀನಿ."

ಹಾಗಾದರೆ ಹೆಡ್‌ಮಿಸ್ ವಿಚಾರಿಸಿದ್ದು ಇವನನ್ನೇ! ಟೈಲರಮ್ಮ ಮಿಷನ್ನಿನ ಚಕ್ರ ನಿಲ್ಲಿಸಿದಳು. ಹಾಳೆ ಅವಳು ಕೂತ ಸ್ಟೂಲಿನ ಕೆಳಗೆ, ದಾರದ ಬಾಬಿನ್ ಡಬ್ಬದಲ್ಲಿ ಇತ್ತು.

"ಚೂರುಪಾರು ಬಟ್ಟೆ ಜೊತೆ ಎಲ್ಲೋ ಸೇರಿಹೋಗಿದೆ ಸರ್. ಹುಡುಕ್ತೀನಿ."

ಅವನು ಕೋಣೆಯ ಸುತ್ತ ಕಣ್ಣಾಡಿಸಿದ. ಮೇಜು, ಬೀರು, ಮೊಳೆ. ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು. "ನಿಧಾನಕ್ಕೆ ಹುಡುಕಿ. ನಿಮ್ಮ ಮಗಳು ಜಾಣೆ ಅಮ್ಮ. ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತಾಳೆ. ನನ್ನ ಬಲಗೈ ಅವಳು. ಅವಳ ಹೆಸರು ಎಲ್ಲೂ ಕೆಡಬಾರದು, ಅಲ್ವಾ?"

ಉತ್ತರ ಮೂಲೆಯಿಂದ ಬಂತು.

"ಮೇಷ್ಟ್ರೇ, ಬಂದದ್ದು ಬಂದಿರಿ, ನಿಮಗೂ ಒಂದು ಪ್ಯಾಂಟು ಹೊಲಿಸ್ಕೊಳ್ಳಿ" ಎಂದಳು ಅತ್ತೆ, ಗುಂಡಿಯ ದಾರ ಹಲ್ಲಿನಲ್ಲಿ ಕಡಿದು. "ಅಳತೆ ನಾನೇ ತಗೋತೀನಿ. ಬಾಗಿಲು ಹಾರುಹೊಡೆದು, ಬೀದಿ ಜನ ನೋಡೋ ಹಾಗೆ. ನನಗೆ ಕಣ್ಣು ಕಾಣಲ್ಲ ನೋಡಿ, ನೀವೇನೂ ನಾಚ್ಕೋಬೇಡಿ."

ಮೇಷ್ಟ್ರ ನಗು ಒಂದು ಗಳಿಗೆ ಜಾಗ ತಪ್ಪಿತು. ಗಡಿಯಾರ ನೋಡಿಕೊಂಡು ಹೊರಟುಹೋದ. ಅತ್ತೆಯ ಮಡಿಲಿನಿಂದ ಗುಂಡಿಗಳು ಒಂದೊಂದೇ ನೆಲಕ್ಕೆ ಬಿದ್ದವು.

ಸಂಜೆ ಗಂಡನಿಗೆ ಹೇಳಿದಾಗ ಅವನು ಷರಟಿನ ಗುಂಡಿ ಬಿಚ್ಚುತ್ತಿದ್ದವನು ಅಲ್ಲೇ ನಿಂತ. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗದವನು. "ಅವನ ಕಾಲು ಮುರೀತೀನಿ" ಎಂದು ಶುರುಮಾಡಿ, ನೀರು ಕುಡಿದು, ಕೂತು, ಕೊನೆಗೆ ಹೇಳಿದ: "ನೋಡು, ನಮ್ಮ ಹುಡುಗಿಗೆ ಜ್ವರ ಅಂತ ಚೀಟಿ ಬರೆದು ಕಳಿಸೋಣ. ಶಿಬಿರಕ್ಕೆ ಕಳಿಸೋದು ಬೇಡ. ಅಲ್ಲಿಗೆ ಮುಗೀತು."

"ಉಳಿದ ಏಳು ಜನ ರೀ?"

"ಅವರವರ ಅಪ್ಪ ಅಮ್ಮ ಇಲ್ವಾ?"

"ಅವರಿಗೆ ಗೊತ್ತಿಲ್ಲ."

"ನಮಗೂ ಏನು ಗೊತ್ತು ಹೇಳು? ಎರಡು ಇಂಚು!"

ಜ್ವರದ ಚೀಟಿ ಎಷ್ಟು ಸುಲಭ ಅನ್ನಿಸಿತು ಅವಳಿಗೆ. ಬರೆಯಲು ಕಾಗದವನ್ನೂ ತೆಗೆದುಕೊಂಡಳು. ಆದರೆ ನಮ್ಮ ಮಗಳನ್ನು ಬಿಟ್ಟು ಉಳಿದವರೆಲ್ಲ ಎಂಬ ಲೆಕ್ಕವನ್ನು ಆ ಮನುಷ್ಯ ಆಗಲೇ ಹಾಕಿ ಮುಗಿಸಿದ್ದ. ಚೀಟಿ ಬರೆದರೆ ಆ ಲೆಕ್ಕಕ್ಕೆ ತಾನು ಸಹಿ ಹಾಕಿದಂತೆ. ಹತ್ತು ದಿನ, ಬೇರೆ ಊರು, ಅವನ ಹಿಂದೆ ಏಳು ಹುಡುಗಿಯರು. ಕಾಗದವನ್ನು ವಾಪಸು ಇಟ್ಟಳು.

ಹುಡುಗಿಯರನ್ನು ಕರೆಸಿ ಕೇಳುವುದೇ? ಬೇಡ. ಒಮ್ಮೆ ಟೇಪಿನ ಮುಂದೆ ನಿಂತು ಬಂದ ಮಕ್ಕಳನ್ನು ಇನ್ನೊಂದು ಟೇಪಿನ ಮುಂದೆ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದವಳೇ ತಾಯಂದಿರಿಗೆಲ್ಲ ಫೋನು ಮಾಡಿದಳು. "ಸ್ಕರ್ಟಿನ ಪಟ್ಟಿ ಒಂದು ಸಲ ನೋಡಬೇಕಿತ್ತು ಅಕ್ಕ. ಮಗಳದ್ದು ಇನ್ನೊಂದು ಜೊತೆ ಇರುತ್ತಲ್ಲ, ಅದನ್ನ ತಗೊಂಡು ನೀವೇ ಬನ್ನಿ. ಹುಡುಗಿ ಬೇಡ." ಮಗಳು ಅಂದು ಶಾಲೆಗೆ ಹೋಗಲಿಲ್ಲ, ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಮಧ್ಯಾಹ್ನ ಐದು ಜನ ಬಂದರು. ಒಬ್ಬಳು ಊರಲ್ಲಿರಲಿಲ್ಲ. ಉದ್ದ ಜಡೆಯ ಹುಡುಗಿಯ ತಾಯಿ ಫೋನನ್ನು ಗಂಡನಿಗೆ ಕೊಟ್ಟುಬಿಟ್ಟಿದ್ದಳು. ಪಾತ್ರೆ ಅಂಗಡಿಯ ಆ ಯಜಮಾನ, "ಪಟ್ಟಿಯೆಲ್ಲ ಶಿಬಿರ ಮುಗಿದ ಮೇಲೆ ನೋಡಮ್ಮ" ಎಂದು ಫೋನು ಇಟ್ಟಿದ್ದ. ಬಂದವರು ಕಟಿಂಗ್ ಮೇಜಿನ ಸುತ್ತ ನಿಂತರು. ನರ್ಸಮ್ಮ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಬಂದಿದ್ದಳು.

"ಬೇಗ ಮುಗಿಸಿ ಅಕ್ಕ, ಡ್ಯೂಟಿಗೆ ಹೋಗ್ಬೇಕು. ನಮ್ಮ ಗುಬ್ಬಿ ಬೇರೆ ಶಿಬಿರ ಬೇಡ ಅಂತ ರಂಪ ಮಾಡ್ತಿದಾಳೆ. ಗೆದ್ದು ಬರೋವಾಗ ಗೊತ್ತಾಗುತ್ತೆ ಬಿಡು ಅಂತ ಬ್ಯಾಗ್ ತುಂಬಿಸಿಟ್ಟು ಬಂದೆ."

ಟೈಲರಮ್ಮ ಬಾಗಿಲು ಮುಚ್ಚಿದಳು. ಒಂದೊಂದೇ ಸ್ಕರ್ಟು ಮೇಜಿನ ಮೇಲೆ ಹಾಸಿ, ಪಟ್ಟಿಯ ಮೇಲೆ ಟೇಪು ಇಟ್ಟು, ಬಂದ ಅಂಕೆಯನ್ನು ತಾಯಿಗೆ ತೋರಿಸಿದಳು. ಆಮೇಲೆ ಹಾಳೆಯನ್ನು ಅವಳ ಮಗಳ ಸಾಲಷ್ಟೇ ಕಾಣುವಂತೆ ಮಡಿಸಿ ಹಿಡಿದಳು. ಜೋರಾಗಿ ಓದಲಿಲ್ಲ. ಐದೂ ಜನಕ್ಕೆ ತೋರಿಸಿದ ಮೇಲೆ ಹೇಳಿದಳು:

"ಸ್ಕರ್ಟು ಮೈ ಮೇಲಿದ್ದಾಗ ಈ ಅಂಕೆ ಬರಲ್ಲ. ಇದನ್ನ ತೆಗೆದಿದ್ದು ಪಿ.ಟಿ. ಮೇಷ್ಟ್ರು. ನಾನು ಕೇಳಿದ್ದು ಬರೀ ಒಂದು ಸೈಜು. ಮತ್ತೆ, ಆ ಟೇಪ್ ಅವರ ಕೈಗೆ ಕೊಟ್ಟಿದ್ದು ನಾನೇ. ಮೂರು ವರ್ಷದ ಹಿಂದೆ. ನನಗೆ ಕೆಲಸ ಉಳಿಯುತ್ತೆ ಅಂತ."

ಎಲ್ಲರೂ ಒಟ್ಟಿಗೆ ದನಿ ಎತ್ತಿದರು.

"ಮೂರು ವರ್ಷದಿಂದ ನೀವು ಏನು ನೋಡ್ತಿದ್ರಿ?"

"ಅಯ್ಯೋ, ಅವರು ಮಕ್ಕಳನ್ನ ತಂದೆ ಹಾಗೆ ನೋಡ್ಕೊಳ್ತಾರೆ ಕಣ್ರೀ."

"ಸುಮ್ನಿರಿ, ತಪ್ಪು ಬರೆದಿರ್ತಾರೆ. ಮಕ್ಕಳ ಮೇಲೆ ಇಲ್ಲದ್ದು ಅಂಟಿಸ್ಬೇಡಿ."

"ನಿಮ್ಮ ಮಗಳ ಸಾಲು ತೋರಿಸಿ ಮೊದಲು!"

ಟೈಲರಮ್ಮ ತೋರಿಸಿದಳು. ಖಾಲಿ ಮನೆ ನೋಡಿ ಆ ಹೆಂಗಸು ಕಹಿಯಾಗಿ ನಕ್ಕಳು. "ಅಲ್ಲಿಗೆ ನಿಮ್ಮದು ಬೆಚ್ಚಗಿದೆ. ಬರೆದಿದ್ದು ಯಾರು ಇದನ್ನ? ದುಂಡಗೆ, ಒಳ್ಳೆ ಪರೀಕ್ಷೆ ಬರೆದ ಹಾಗೆ?"

ಟೈಲರಮ್ಮ ಬಾಯಿ ತೆರೆದಳು. ಅದೊಂದನ್ನು ಹೇಳದೆ ಇದೆಲ್ಲ ಮುಗಿಯಲೆಂದು ಬೆಳಗಿನಿಂದ ಬೇಡಿಕೊಂಡಿದ್ದಳು. ಹೇಳಿದರೆ ಮಗಳು ನಾಳೆ ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಅಷ್ಟರಲ್ಲಿ ಒಳಗಿನ ಬಾಗಿಲು ಸದ್ದಾಯಿತು.

"ನಾನು ಆಂಟಿ." ಮಗಳು ಹೊಸಿಲಿನ ಮೇಲೆ ನಿಂತಿದ್ದಳು, ಕೂದಲು ಕೆದರಿತ್ತು. ಯಾರನ್ನೂ ನೋಡದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಸರ್ ಒಬ್ಬೊಬ್ಬರನ್ನೇ ಒಳಗೆ ಕರೀತಿದ್ರು. ಬಾಗಿಲು ಹಾಕ್ಕೊಳ್ತಿದ್ರು. ನನ್ನನ್ನ ಹೊರಗೆ ಕುರ್ಚಿ ಹಾಕಿ ಕೂರಿಸಿದ್ರು. ಯಾರಾದ್ರೂ ಬಂದ್ರೆ ಕೆಮ್ಮು ಅಂದಿದ್ರು. ಒಳಗಿಂದ ನಂಬರ್ ಹೇಳ್ತಿದ್ರು, ನಾನು ಬರೀತಿದ್ದೆ. ನನ್ನನ್ನ ಮಾತ್ರ ಕರೀಲಿಲ್ಲ, ನಿಂದು ನಿಮ್ಮಮ್ಮನ ಹತ್ರ ಇದೆಯಲ್ಲ ಅಂದ್ರು." ಅಷ್ಟು ಹೇಳಿ ನಿಲ್ಲಿಸಿದಳು. ಆಮೇಲೆ ನರ್ಸಮ್ಮನ ಕಡೆ ತಿರುಗಿದಳು. "ಬೇಡ ಸರ್ ಅಂತ ಗುಬ್ಬಿ ಅಂದಿದ್ದು ನನಗೆ ಕೇಳಿಸ್ತು ಆಂಟಿ. ಎರಡು ಸಲ. ನಾನು ಬರೀತಾನೇ ಇದ್ದೆ."

ನರ್ಸಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಹೊಡೆಯುತ್ತಾಳೆಂದೇ ಟೈಲರಮ್ಮ ತಿಳಿದಳು, ತಡೆಯಲು ಕೈ ಏಳಲಿಲ್ಲ. ನರ್ಸಮ್ಮ ಹೊಡೆಯಲಿಲ್ಲ. ಅಲ್ಲೇ ಇದ್ದ ಬಟ್ಟೆಯ ರಾಶಿಯ ಮೇಲೆ ಕುಸಿದಳು.

"ನಿನಗೆ ಬಾಗಿಲಾಚೆಯಿಂದ ಕೇಳಿಸ್ತು" ಎಂದಳು. "ನಾನು ಅವಳ ಮಗ್ಗುಲಲ್ಲೇ ಮಲಗ್ತೀನಿ. ಮೂರು ವಾರದಿಂದ ಹೊಟ್ಟೆನೋವಿಗೆ ಮಾತ್ರೆ ಕೊಡ್ತಿದೀನಿ."

'ತಂದೆ ಹಾಗೆ' ಎಂದಿದ್ದ ಹೆಂಗಸು ತನ್ನ ಮಗಳ ಸ್ಕರ್ಟನ್ನು ಮಡಿಸತೊಡಗಿದಳು. ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಒಬ್ಬಳು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಬಂದು, ಮೊಮ್ಮಗಳ ತೋಳನ್ನು ಹುಡುಕಿ ಹಿಡಿದಳು. "ಹೇಳಿದ್ಯಲ್ಲ ತಾಯಿ, ಕೂತ್ಕೋ."

ಕಣ್ಣೊರೆಸಿಕೊಂಡು ಮೊದಲು ಎದ್ದವಳು ನರ್ಸಮ್ಮನೇ. ಮಕ್ಕಳಿಗೆ ಹೀಗಾದಾಗ ಎಲ್ಲಿಗೆ ಹೇಳಬೇಕು, ಯಾರು ಬರುತ್ತಾರೆ ಎಂಬುದು ಅವಳ ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದಳು. ಅಲ್ಲೇ ನಿಂತು ಮಕ್ಕಳ ರಕ್ಷಣೆಯ ಕಚೇರಿಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಧಿಕಾರಿ ಶಾಲೆಗೆ ಬರುತ್ತಾರೆ, ಹಾಳೆ ಯಾರ ಕೈಗೂ ಕೊಡಬೇಡಿ ಎಂದರು. ಬಸ್ಸು ಹೊರಡುವುದು ಎಂಟಕ್ಕೆ.

ಶನಿವಾರ ಎಂಟಕ್ಕೆ ಹತ್ತು ನಿಮಿಷವಿರುವಾಗ ಶಾಲೆಯ ಗೇಟಿನ ಮುಂದೆ ಬಸ್ಸು ಗುರುಗುಟ್ಟುತ್ತಿತ್ತು. ಟೈಲರಮ್ಮ, ನರ್ಸಮ್ಮ, ಇನ್ನು ಮೂವರು ತಾಯಂದಿರು. ಗುಬ್ಬಿ ಅಮ್ಮನ ಸೆರಗಿಗೆ ಅಂಟಿಕೊಂಡಂತೆ ನಿಂತಿದ್ದಳು, ಟೈಲರಮ್ಮನ ಮಗಳು ಅವಳಿಂದ ನಾಲ್ಕು ಮಾರು ದೂರ. ನಿನ್ನೆ ಮಾತಾಡದೆ ಹೋಗಿದ್ದವಳೂ ಬಂದಿದ್ದಳು, ಆ ಮೂವರ ಹಾಗೆ ಮಗಳನ್ನು ಮನೆಯಲ್ಲೇ ಬಿಟ್ಟು. ಊರಲ್ಲಿಲ್ಲದವಳಿಗೆ ನರ್ಸಮ್ಮ ಫೋನಿನಲ್ಲಿ ಹೇಳಿದ್ದಳು. ಅವಳ ಮಗಳೂ ಬರಲಿಲ್ಲ.

ಬಸ್ಸಿನೊಳಗೆ ಒಬ್ಬಳೇ ಕೂತಿದ್ದಳು, ಉದ್ದ ಜಡೆಯ ಹುಡುಗಿ. ಕಿಟಕಿಯ ಕೆಳಗೆ ಅವಳ ಅಪ್ಪ ಎದೆಯುಬ್ಬಿಸಿ ನಿಂತಿದ್ದ.

"ಏನು ಹೆಂಗಸರ ಸಂತೆ ಇದು? ಎಲ್ಲ ಗೊತ್ತಾಯ್ತು ನನಗೆ. ನಮ್ಮ ಹುಡುಗಿ ಕಪ್ ತರ್ತಾಳೆ ಅಂತ ಹೊಟ್ಟೆಕಿಚ್ಚು ನಿಮಗೆ. ಸರ್, ನೀವು ಹೊರಡಿ, ಒಬ್ಬಳಾದ್ರೂ ಸಾಕು."

ಮೇಷ್ಟ್ರು ಕೈಯಲ್ಲಿದ್ದ ಹೆಸರಿನ ಪಟ್ಟಿ ನೋಡುತ್ತಿದ್ದ. "ಮೇಡಂ, ಲೇಟಾಗುತ್ತೆ. ಅಲ್ಲಿ ಎಂಟ್ರಿ ಸಿಗಲ್ಲ" ಎಂದ, ಹೆಡ್‌ಮಿಸ್ಸಿಗೆ.

ಹೆಡ್‌ಮಿಸ್ ಗೇಟಿನ ಒಳಗೆ ನಿಂತಿದ್ದರು. ಹೊರಗೆ ಬರಲಿಲ್ಲ, ಕೋಣೆಗೂ ಹೋಗಲಿಲ್ಲ. "ಒಂಬತ್ತಕ್ಕೆ ಯಾರೋ ಬರ್ತಾರಂತೆ ಸರ್" ಎಂದರು, ಅವನ ಮುಖ ನೋಡದೆ. "ಕಾಯಬಹುದಲ್ಲ?"

"ಯಾರು? ಯಾಕೆ?" ಅವನ ಕಣ್ಣು ತಾಯಂದಿರ ಮುಖವನ್ನು ಒಂದೊಂದಾಗಿ ದಾಟಿ ಟೈಲರಮ್ಮನ ಕೈಚೀಲದ ಮೇಲೆ ನಿಂತಿತು. ಅವಳು ಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ಅವನು ಫುಟ್‌ಬೋರ್ಡಿಗೆ ಕಾಲಿಟ್ಟ. "ರೈಟ್, ಡ್ರೈವರ್."

ಟೈಲರಮ್ಮ ಓಡಬೇಕೆಂದುಕೊಂಡಳು, ಕೂಗಬೇಕೆಂದುಕೊಂಡಳು. ಬೀದಿಯಲ್ಲಿ ಆ ಹುಡುಗಿಯ ಹೆಸರು ಹಿಡಿದು ಏನೆಂದು ಕೂಗುವುದು?

ಆಗ ಗುಬ್ಬಿ ಅಮ್ಮನನ್ನು ಬಿಟ್ಟು ಹೊರಟಳು. ಓಡಲಿಲ್ಲ, ನಡೆದಳು. ಟೈಲರಮ್ಮನ ಮಗಳ ಪಕ್ಕ ಹಾದುಹೋಗುವಾಗ ನಿಂತು, ಅವಳ ಮುಖ ನೋಡದೆಯೇ, "ಬಾ" ಎಂದಳು. ಇಬ್ಬರೂ ಬಸ್ಸಿನ ಕಿಟಕಿಯ ಕೆಳಗೆ ಹೋಗಿ ನಿಂತರು. ಉದ್ದ ಜಡೆಯ ಹುಡುಗಿ ಕತ್ತು ಬಗ್ಗಿಸಿದಳು. ಗುಬ್ಬಿ ತುದಿಗಾಲಲ್ಲಿ ನಿಂತು ಏನೋ ಹೇಳಿದಳು. ಚಿಕ್ಕ ಮಾತು, ಎರಡೋ ಮೂರೋ ಪದ. ಎಂಜಿನ್ನಿನ ಸದ್ದಿನಲ್ಲಿ ಟೈಲರಮ್ಮನಿಗೆ ಕೇಳಿಸಲಿಲ್ಲ. ಅಪ್ಪನಿಗೂ ಕೇಳಿಸಲಿಲ್ಲ. "ಏ, ಏನೇ ಅದು ಗುಸುಗುಸು?" ಎಂದ.

ಕಿಟಕಿಯಲ್ಲಿದ್ದ ಮುಖ ಮರೆಯಾಯಿತು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದ. ಅವಳು ಹಿಂದಿನ ಬಾಗಿಲಿಗೆ ಹೋದಳು, ಅದು ಬಿಗಿಯಾಗಿತ್ತು. ಭುಜ ಕೊಟ್ಟು ತಳ್ಳಿದಳು. ಮೊದಲು ಅವಳ ಚೀಲ ರಸ್ತೆಗೆ ಬಿತ್ತು, ಹಿಂದೆಯೇ ಅವಳು ಇಳಿದಳು.

"ಹತ್ತೇ!" ಎಂದು ಅಪ್ಪ ಗದರಿದ.

"ನಾನು ಹೋಗಲ್ಲಪ್ಪ."

"ಯಾಕೆ?"

ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಅವನು ಇನ್ನೊಮ್ಮೆ ಗದರಲು ಬಾಯಿ ತೆರೆದವನು ಗದರಲಿಲ್ಲ. ಮಗಳಿಂದ ಮೇಷ್ಟ್ರ ಕಡೆಗೆ, ಮೇಷ್ಟ್ರಿಂದ ಆ ಆರು ಹೆಂಗಸರ ಕಡೆಗೆ ಅವನ ನೋಟ ನಿಧಾನವಾಗಿ ತಿರುಗಿತು. ನೆಲದ ಮೇಲಿನ ಚೀಲ ಎತ್ತಿಕೊಂಡ, ಧೂಳು ಕೊಡವಿದ.

ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಏನ್ ಸರ್, ಹೋಗೋದಾ ಬೇಡ್ವಾ? ಒಳಗೆ ಯಾರೂ ಇಲ್ಲ."

ಉತ್ತರಕ್ಕೆ ಕಾಯದೆ ಅವನೇ ಎಂಜಿನ್ ನಿಲ್ಲಿಸಿದ.